ಆರನೆಯ ಹಲ್ಲು ಮತ್ತು ಗೇಟಿನೆದುರಿನ ಅಂಗಡಿ

ಮಗು ಒಂದನೇ ತರಗತಿಗೆ ಸೇರುವ ವರ್ಷ ಅದರ ಬಾಯಲ್ಲಿ ಯಾರ ಗಮನಕ್ಕೂ ಬಾರದೆ ಒಂದು ಕೆಲಸ ನಡೆದಿರುತ್ತದೆ. ಹಾಲು ಹಲ್ಲಿನ ಸಾಲು ಮುಗಿಯುವಲ್ಲಿ, ಅದರ ಹಿಂದೆ, ಮೇಲೆರಡು ಕೆಳಗೆರಡು ಹೊಸ ದವಡೆ ಹಲ್ಲು ವಸಡು ಸೀಳಿ ಬರುತ್ತವೆ. ಮುಂದಿನ ಹಲ್ಲಾದರೆ ಅಲುಗಾಡುತ್ತದೆ, ಬೀಳುತ್ತದೆ, ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮವೂ ನಡೆಯುತ್ತದೆ. ಇವು ಹಾಗಲ್ಲ. ಯಾವ ಹಲ್ಲೂ ಬೀಳದೆ ಬರುವುದರಿಂದ ಎಷ್ಟೋ ಮನೆಗಳಲ್ಲಿ ಇವು ಹಾಲು ಹಲ್ಲಿನ ಲೆಕ್ಕಕ್ಕೇ ಸೇರಿಬಿಡುತ್ತವೆ. ಎರಡು ವರ್ಷ ಕಳೆದು ಅದರಲ್ಲಿ ಕಪ್ಪು ಗುಳಿ ಕಂಡಾಗಲೂ ‘ಬಿದ್ದು ಹೋಗೋ ಹಲ್ಲು ತಾನೆ’ ಎಂಬ ಸಮಾಧಾನ. ಅದು ಬೀಳುವ ಹಲ್ಲಲ್ಲ; ಇನ್ನು ಅರವತ್ತು ವರ್ಷ ರೊಟ್ಟಿ ಅಗಿಯಬೇಕಾದ ಹಲ್ಲು.

ಗುರುತಿಸುವುದು ಸುಲಭ. ಮುಂಭಾಗದ ಎರಡು ಹಲ್ಲುಗಳ ನಡುಗೆರೆಯಿಂದ ಒಂದು ಬದಿಗೆ ಎಣಿಸುತ್ತ ಹೋಗಿ. ಹಾಲು ಹಲ್ಲು ಪ್ರತಿ ಬದಿಗೆ ಐದೇ. ಆರನೆಯದು ಇದ್ದರೆ ಅದು ಶಾಶ್ವತ ಹಲ್ಲು. ಸಾಮಾನ್ಯವಾಗಿ ಆರರ ಆಸುಪಾಸಿನಲ್ಲಿ ಬರುತ್ತದೆ, ಪೂರ್ತಿ ಮೇಲೆದ್ದು ಎದುರಿನ ಹಲ್ಲಿಗೆ ತಾಗಲು ಒಂದು, ಒಂದೂವರೆ ವರ್ಷವೇ ಬೇಕು. ಆ ಅವಧಿಯಲ್ಲಿ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಹಿಂದಕ್ಕೂ ಮುಂದಕ್ಕೂ ಓಡುವ ಬ್ರಷ್ಷು ಅದನ್ನು ಮುಟ್ಟದೆ ಮೇಲಿಂದಲೇ ಹಾದುಹೋಗುತ್ತದೆ. ಹಿಂಭಾಗಕ್ಕೆ ವಸಡಿನ ಮಡಿಕೆ ಹೊದ್ದಿರುತ್ತದೆ, ಅದರಡಿ ತಿಂದದ್ದು ಕೂರುತ್ತದೆ. ಮೇಲ್ಮೈಯ ಸೀಳುಗಳು ಬ್ರಷ್ಷಿನ ಎಳೆ ಇಳಿಯಲಾರದಷ್ಟು ಕಿರಿದು. ಜೊತೆಗೆ ಹೊಸ ಹಲ್ಲಿನ ಎನಾಮಲ್, ಅಂದರೆ ಹೊರಪದರ, ಇನ್ನೂ ಹಸಿ. ಉಗುಳಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಹೀರಿಕೊಂಡು ಗಟ್ಟಿಯಾಗಲು ಅದಕ್ಕೆ ಕಾಲ ಬೇಕು.

ಅಂದರೆ ಒಂದು ಹಲ್ಲಿನ ಇಡೀ ಆಯುಷ್ಯದಲ್ಲಿ ಅತಿ ದುರ್ಬಲ ಕಾಲ ಯಾವುದೋ, ಅದೇ ವರ್ಷ ಮಗು ಮನೆಯ ಅಡುಗೆಮನೆಯಿಂದ ಹೊರಬಂದು, ಅಂಗೈಯಲ್ಲಿ ಐದು ರೂಪಾಯಿ ನಾಣ್ಯ ಹಿಡಿದು, ದಿನಕ್ಕೆರಡು ಬಾರಿ ಒಂದು ಅಂಗಡಿಯ ಮುಂದೆ ಹಾದುಹೋಗತೊಡಗುತ್ತದೆ. ಮಕ್ಕಳ ಹುಳುಕು ಹಲ್ಲನ್ನು ಅರ್ಥಮಾಡಿಕೊಳ್ಳಬೇಕಾದರೆ ಬಾಯಿಯೊಳಗೆ ಎಷ್ಟು ನೋಡಬೇಕೋ ಅಷ್ಟೇ ಈ ದಾರಿಯನ್ನೂ ನೋಡಬೇಕು.

ಸಕ್ಕರೆ ಎಷ್ಟು ಎಂಬುದಕ್ಕಿಂತ ಎಷ್ಟು ಸಲ

ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಹಲ್ಲಿನ ಮೇಲಿನ ಪಿಹೆಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನ ಖನಿಜ ಕರಗಲು ಶುರು. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಇಳಿದ ಪಿಹೆಚ್ ಮತ್ತೆ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಉಗುಳು ಕಳೆದುಹೋದ ಖನಿಜವನ್ನು ನಿಧಾನಕ್ಕೆ ಮರಳಿ ತುಂಬುತ್ತದೆ. ಈ ರಿಪೇರಿ ಮುಗಿಯುವ ಮೊದಲೇ ಮತ್ತೊಂದು ಪೆಪ್ಪರಮೆಂಟು ಬಿದ್ದರೆ ರಿಪೇರಿ ನಿಂತುಹೋಗುತ್ತದೆ.

ಸ್ವೀಡನ್ನಿನ ವಿಪೆಹೋಲ್ಮ್‌ನಲ್ಲಿ 1940ರ ದಶಕದ ಮಧ್ಯದಿಂದ ನಡೆದ ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ಬೌದ್ಧಿಕ ಅಂಗವೈಕಲ್ಯವುಳ್ಳವರ ಆಸ್ಪತ್ರೆಯ ರೋಗಿಗಳ ಮೇಲೆ ಅವರ ಒಪ್ಪಿಗೆಯನ್ನೂ ಕೇಳದೆ ನಡೆಸಿದ ಆ ಪ್ರಯೋಗ ಇಂದಾಗಿದ್ದರೆ ಯಾವ ನೈತಿಕ ಸಮಿತಿಯೂ ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಊಟದ ಜೊತೆಗೇ ಸಕ್ಕರೆ ತಿಂದವರ ಹಲ್ಲು ಅಷ್ಟಾಗಿ ಕೆಡಲಿಲ್ಲ. ಊಟಗಳ ನಡುವೆ ಅಂಟುವ ಟಾಫಿ ತಿಂದವರ ಹಲ್ಲು ಹಾಳಾಯಿತು.

ಇದನ್ನು ನಮ್ಮ ಶಾಲೆಯ ಗಡಿಯಾರಕ್ಕೆ ಹೊಂದಿಸಿ ನೋಡಿ. ಬೆಳಗ್ಗೆ ಏಳಕ್ಕೆ ಸಕ್ಕರೆ ಟೀಯಲ್ಲಿ ಅದ್ದಿದ ಬಿಸ್ಕತ್ತು. ಒಂಬತ್ತೂವರೆಗೆ ಗೇಟಿನೆದುರು ಒಂದು ರೂಪಾಯಿಯ ಜೆಲ್ಲಿ. ಹನ್ನೊಂದೂವರೆಯ ಸಣ್ಣ ಬಿಡುವಿನಲ್ಲಿ ಜೇಬಿನಲ್ಲಿ ಉಳಿಸಿಕೊಂಡ ಲಾಲಿಪಾಪು. ಊಟದ ಬಿಡುವಿನಲ್ಲಿ ಇನ್ನೊಂದು. ನಾಲ್ಕೂಕಾಲಿಗೆ ಪ್ಲಾಸ್ಟಿಕ್ ಕೊಳವೆಯ ಬಣ್ಣದ ಐಸು. ಟ್ಯೂಷನ್ನಿಗೆ ಹೋಗುವಾಗ ಕ್ರೀಂ ಬಿಸ್ಕತ್ತು. ಆರು ಸಲ, ಸಲಕ್ಕೆ ನಲವತ್ತು ನಿಮಿಷ ಹಿಡಿದರೂ ದಿನಕ್ಕೆ ನಾಲ್ಕು ಗಂಟೆ ಹಲ್ಲು ಆಮ್ಲದಲ್ಲಿ ನೆನೆಯುತ್ತದೆ. ಇಷ್ಟೂ ಸಕ್ಕರೆಯನ್ನು ಹೋಳಿಗೆ ರೂಪದಲ್ಲಿ ಮಧ್ಯಾಹ್ನದ ಊಟದ ಜೊತೆ ಒಮ್ಮೆಲೇ ತಿಂದಿದ್ದರೆ ನಲವತ್ತೇ ನಿಮಿಷ. ಆದ್ದರಿಂದ ಹಬ್ಬದ ಪಾಯಸದ ಮೇಲೆ, ಆಗಸ್ಟ್ 15ರ ಬೂಂದಿಯ ಮೇಲೆ ಕೋಪಿಸಿಕೊಳ್ಳುವುದು ದಂಡ. ಹಲ್ಲು ಹಾಳುಮಾಡುವುದು ಹಬ್ಬವಲ್ಲ, ಚಿಲ್ಲರೆ.

ಚಿಲ್ಲರೆ ಎಂದಾಗ ಇನ್ನೊಂದು ವಿಷಯ. ಉಳಿದ ಒಂದು, ಎರಡು ರೂಪಾಯಿಗೆ ಕಾಸು ಕೊಡದೆ ಚಾಕ್ಲೇಟು ಕೊಡುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಪೆನ್ಸಿಲ್ ಕೊಳ್ಳಲು ಹೋದ ಮಗುವೂ ಸಿಹಿ ತಿನ್ನುತ್ತ ಬರುತ್ತದೆ.

ಶಾಲಾ ವ್ಯಾನಿನಲ್ಲಿ ಹೋಗಿಬರುವ ಮಕ್ಕಳಿಗೆ ಗೇಟಿನ ಅಂಗಡಿ ಇಲ್ಲ ನಿಜ. ಅವರ ಪರಿಸರ ಟಿಫಿನ್ ಡಬ್ಬಿಯೊಳಗಿದೆ: ಬ್ರೆಡ್ಡು ಜಾಮು, ಹಣ್ಣಿನ ಚಿತ್ರವಿರುವ ಜ್ಯೂಸಿನ ಪೊಟ್ಟಣ. ಜೊತೆಗೆ ಹುಟ್ಟುಹಬ್ಬ. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರೂ ಹುಟ್ಟುಹಬ್ಬಕ್ಕೆ ಚಾಕ್ಲೇಟು ಹಂಚಿದರೆ ವರ್ಷಕ್ಕೆ ನಲವತ್ತು, ಅದೂ ಪಾಠದ ನಡುವೆ. ಪೆನ್ಸಿಲ್ಲನ್ನೋ ಗ್ರಂಥಾಲಯಕ್ಕೊಂದು ಪುಸ್ತಕವನ್ನೋ ಕೊಡಲಿ ಎಂದು ಶಾಲೆ ಒಂದು ಸುತ್ತೋಲೆ ಹೊರಡಿಸಿದರೆ ಮುಗಿಯುವ ವಿಷಯ ಇದು.

ಉಜ್ಜಿದರೆ ಸಾಕೇ?

ಆಸ್ಟ್ರೇಲಿಯಾದ ಬೌರಲ್ ಎಂಬಲ್ಲಿ ಹೋಪ್‌ವುಡ್ ಹೌಸ್ ಎಂಬ ಮಕ್ಕಳ ಮನೆ ಇತ್ತು. ಅಲ್ಲಿನ ಮಕ್ಕಳು ಸಕ್ಕರೆ, ಮೈದಾ ಬಹುತೇಕ ಇಲ್ಲದ ಸಸ್ಯಾಹಾರ ತಿಂದು ಬೆಳೆದವರು. 1940ರ ದಶಕದ ಕೊನೆಯಿಂದ ವರ್ಷ ವರ್ಷವೂ ಅವರ ಹಲ್ಲು ಪರೀಕ್ಷಿಸಲಾಯಿತು. ಸರಿಯಾಗಿ ಹಲ್ಲುಜ್ಜುವ ಅಭ್ಯಾಸ ಅವರಿಗಿರಲಿಲ್ಲ, ವಸಡು ಚೆನ್ನಾಗಿರಲಿಲ್ಲ, ನೀರಿನಲ್ಲಿ ಫ್ಲೋರೈಡ್ ಕೂಡ ಕಡಿಮೆ. ಆದರೂ ಹೊರಗಿನ ಮಕ್ಕಳಿಗೆ ಹೋಲಿಸಿದರೆ ಹುಳುಕು ತೀರ ಕಡಿಮೆ. ಮುಂದೆ ಹದಿಹರೆಯದಲ್ಲಿ ಆ ಮನೆ ಬಿಟ್ಟು ಹೊರಬಂದು ಎಲ್ಲರಂತೆ ತಿನ್ನತೊಡಗಿದ ಮೇಲೆ ಅವರ ಹಲ್ಲೂ ಎಲ್ಲರ ಹಲ್ಲಿನಂತೆಯೇ ಕೆಡತೊಡಗಿತು. ಮಕ್ಕಳು ಅವರೇ, ಹಲ್ಲೂ ಅವೇ. ಬದಲಾದದ್ದು ಸುತ್ತಲಿನ ಊಟ ತಿಂಡಿ.

ಹೀಗೆಂದು ಹಲ್ಲುಜ್ಜುವುದು ವ್ಯರ್ಥ ಎಂದಲ್ಲ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಉಜ್ಜುವುದು ಹುಳುಕಿನ ವಿರುದ್ಧ ಮನೆಯಲ್ಲಿ ಸಿಗುವ ಅತ್ಯಂತ ಅಗ್ಗದ ಔಷಧ. ಆದರೆ ‘ರಾತ್ರಿ ಉಜ್ಜಿಸಿ’ ಎಂಬ ಸಲಹೆ ಬಚ್ಚಲು ಒಳಗಿರುವ ಮನೆಗಾಗಿ ಬರೆದದ್ದು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ, ಬಚ್ಚಲು ಹಿತ್ತಲಲ್ಲೋ ಓಣಿಯ ಕೊನೆಯಲ್ಲೋ ಇರುವ, ದೀಪ ಇಲ್ಲದ ಕಡೆ ಊಟವಾದ ಮೇಲೆ ಆರು ವರ್ಷದ ಮಗುವನ್ನು ಮತ್ತೆ ಹೊರಗೆ ಕರೆದೊಯ್ದು ಹಲ್ಲುಜ್ಜಿಸುವ ತಾಯಿ ಎಷ್ಟು ದಿನ ಅದನ್ನು ಮಾಡಿಯಾಳು? ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸಿನ ಪಾಳಿಗೆ ಓಡುವವಳು ಕೈಗಿಟ್ಟು ಹೋಗುವ ಐದು ರೂಪಾಯಿಯೂ ಇದೇ ಲೆಕ್ಕದ್ದು. ಇದನ್ನು ನಿರ್ಲಕ್ಷ್ಯ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ದಂತ ಶಿಬಿರಗಳ ಭಾಷಣಗಳಲ್ಲಿ ಅದೇ ನಡೆಯುತ್ತದೆ.

ರಾತ್ರಿ ನೀರಿನ ತೊಂದರೆ ಇರುವ ಮನೆಗೆ ಹೇಳಬೇಕಾದ ಮಾತು ಬೇರೆಯೇ ಇದೆ: ಉಜ್ಜಿದ ಮೇಲೆ ಬಾಯಿ ಮುಕ್ಕಳಿಸಲೇಬೇಕೆಂದಿಲ್ಲ. ನೊರೆ ಉಗಿದರೆ ಸಾಕು. ಉಳಿದ ಫ್ಲೋರೈಡ್ ಹಲ್ಲಿನ ಮೇಲೆ ಇದ್ದಷ್ಟೂ ಒಳ್ಳೆಯದು. ಹೊಸಿಲಲ್ಲಿ ಕೂತು, ಒಂದು ಲೋಟ ನೀರೂ ಇಲ್ಲದೆ ಮುಗಿಸಬಹುದಾದ ಕೆಲಸ. ಪೇಸ್ಟು ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿ ಕಾಳಿನಷ್ಟು. ಕೊಳವೆಯ ಹಿಂದೆ ಸಣ್ಣಕ್ಷರದಲ್ಲಿ 1000 ಪಿಪಿಎಂ ಆಸುಪಾಸು ಫ್ಲೋರೈಡ್ ಎಂದಿದೆಯೇ ನೋಡಿ. ಲವಂಗ, ಬೇವು ಎಂದು ದೊಡ್ಡಕ್ಷರದಲ್ಲಿರುವ ಎಷ್ಟೋ ಪೇಸ್ಟುಗಳಲ್ಲಿ ಅದು ಇರುವುದಿಲ್ಲ. ಆರನೆಯ ಹಲ್ಲಿಗಾದರೆ ಬ್ರಷ್ಷನ್ನು ಸಾಲಿಗೆ ಅಡ್ಡವಾಗಿ, ಕೆನ್ನೆಯ ಕಡೆಯಿಂದ ಒಳಕ್ಕೆ ತೂರಿಸಿ ಆ ಒಂದೇ ಹಲ್ಲನ್ನು ಬೇರೆಯಾಗಿ ಉಜ್ಜಬೇಕು. ಏಳೆಂಟು ವರ್ಷದವರೆಗೂ ಇದನ್ನು ದೊಡ್ಡವರೇ ಮಾಡಬೇಕು. ಮಗುವಿನ ಕೈಗೆ ಆ ಹದ ಬಂದಿರುವುದಿಲ್ಲ.

ಐವತ್ತು ಮೀಟರಿನ ಕಾನೂನು

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ ಯಾವ ದಿಕ್ಕಿಗೇ ಆಗಲಿ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ. ತಂಬಾಕಿಗೆ ಇನ್ನೂ ಹಳೆಯ ಗಡಿ ಇದೆ: 2003ರ ಕೇಂದ್ರ ಕಾಯ್ದೆಯಲ್ಲಿ ಶಾಲೆಯಿಂದ 100 ಗಜ. ಎರಡನೆಯದಕ್ಕೆ ಹಳದಿ ಗೆರೆ ಎಳೆದು, ಬೋರ್ಡು ಹಾಕಿ, ಆಗೊಮ್ಮೆ ಈಗೊಮ್ಮೆ ದಂಡ ಹಾಕಿದ್ದನ್ನಾದರೂ ನೋಡಬಹುದು. ಮೊದಲನೆಯದು ಇದೆ ಎಂದೇ ಬಹಳ ಮುಖ್ಯ ಶಿಕ್ಷಕರಿಗೆ ಗೊತ್ತಿಲ್ಲ.

ಗೊತ್ತಿದ್ದರೂ ಏನು ಮಾಡಬೇಕು? ಐವತ್ತು ಮೀಟರ್ ಎಂದರೆ ಒಂದನೇ ತರಗತಿಯ ಮಗುವಿಗೆ ನೂರು ಹೆಜ್ಜೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಒಂದು ಕಿಲೋಮೀಟರ್ ಒಳಗಿರಬೇಕು. ಆ ಸಾವಿರ ಮೀಟರ್ ನಡಿಗೆಯಲ್ಲಿ ಕಾನೂನು ಕಾಯುವುದು ಕೊನೆಯ ಐವತ್ತನ್ನು ಮಾತ್ರ. ಗೂಡಂಗಡಿಯನ್ನು ಎತ್ತಿಸಿದರೆ ಅದು ಐವತ್ತೊಂದನೇ ಮೀಟರಿಗೆ ಹೋಗಿ ಕೂರುತ್ತದೆ. ಅಂಗಡಿ ಇಟ್ಟವರೂ ಬಹುತೇಕ ಆ ಶಾಲೆಯದೇ ಮಗುವಿನ ಅಜ್ಜಿಯೋ ಅತ್ತೆಯೋ ಆಗಿರುತ್ತಾರೆ.

ಹೀಗಾಗಿ ಅಂಗಡಿ ಎತ್ತಿಸುವುದಕ್ಕಿಂತ ಅಂಗಡಿಯ ಮುಂಭಾಗ ಬದಲಿಸುವುದು ಹೆಚ್ಚು ನಡೆಯುವ ದಾರಿ ಎಂಬುದು ಈ ಲೇಖನದ ನಿಲುವು. ಗೂಡಂಗಡಿಯನ್ನು ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದರೆ ವಿಷಯ ತಿಳಿಯುತ್ತದೆ. ಮೂರೂವರೆ ಅಡಿ ಎತ್ತರದಲ್ಲಿ ಸಾಲಾಗಿರುವ ಪ್ಲಾಸ್ಟಿಕ್ ಜಾಡಿಗಳಲ್ಲಿ ಜೆಲ್ಲಿ, ಲಾಲಿಪಾಪು, ಕಂಬರ್‌ಕಟ್ಟು, ಬಣ್ಣದ ಸಕ್ಕರೆ ಗುಂಡು, ಎಲ್ಲ ಒಂದು ರೂಪಾಯಿಯವು. ಕಡ್ಲೆಕಾಯಿ, ಹುರಿಗಡಲೆ ಇದ್ದರೂ ಹಿಂದಿನ ಮೂಟೆಯಲ್ಲಿ, ತೂಕದ ಲೆಕ್ಕದಲ್ಲಿ. ಹುರಿದ ಕಡ್ಲೆಕಾಯಿಯನ್ನು ಐದು ರೂಪಾಯಿಯ ಕಾಗದದ ಪೊಟ್ಟಣ ಕಟ್ಟಿ ಮುಂದಿಟ್ಟು, ಲಾಲಿಪಾಪಿನ ಜಾಡಿಯನ್ನು ಹಿಂದಿನ ಹಲಗೆಗೆ ಸರಿಸಿದರೆ ಅಂಗಡಿಯವರಿಗೆ ನಷ್ಟವಿಲ್ಲ. ಸೀಬೆ, ಸೌತೆಕಾಯಿ, ಬೇಯಿಸಿದ ಜೋಳ, ಉಸಲಿ, ಚುರುಮುರಿ ಮಾರುವ ಗಾಡಿಗೆ ಗೇಟಿನ ಹತ್ತಿರದ ಜಾಗ ಕೊಡುವುದು ಪಂಚಾಯ್ತಿಯ ಕೈಯಲ್ಲೇ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಅಂಗಡಿಯವರನ್ನೂ ಕರೆಯುವುದು ಮೊದಲ ಹೆಜ್ಜೆ. ಕರೆಯದೆ ನೋಟಿಸು ಕಳಿಸುವಲ್ಲಿ ಕೆಲಸ ಕೆಡುತ್ತದೆ.

ಸರ್ಕಾರಕ್ಕೆ ಮನಸ್ಸಿದ್ದರೆ ಬೀದಿಯ ತಿನಿಸು ಬದಲಾಗುತ್ತದೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿದಾಗ ಅದನ್ನು ನೋಡಿದ್ದೇವೆ. ಬಣ್ಣ ಹೋಯಿತು, ಮಿಠಾಯಿಯಲ್ಲಿದ್ದ ಸಕ್ಕರೆಯ ಸುದ್ದಿಗೆ ಯಾರೂ ಹೋಗಲಿಲ್ಲ. 2025ರ ಮೇನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು, ಯಾವ ಪಾನೀಯದಲ್ಲಿ ಎಷ್ಟು ಚಮಚ ಸಕ್ಕರೆ ಎಂದು ತೋರಿಸುವ ಫಲಕ. ಒಳ್ಳೆಯದೇ. ಆದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವುದು ಹತ್ತು ವರ್ಷದ ಮಗು. ಆರನೆಯ ಹಲ್ಲಿನ ಹಣೆಬರಹ ಅಷ್ಟರಲ್ಲಿ ಬರೆದಾಗಿರುತ್ತದೆ.

ಬೆಲೆಯ ಮಾತೂ ಇದೆ. ಬ್ರಿಟನ್ 2018ರಲ್ಲಿ ಸಿಹಿ ಪಾನೀಯಗಳ ಮೇಲೆ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ತೆರಿಗೆ ಹಾಕಿತು. ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳಲು ಸಕ್ಕರೆಯನ್ನೇ ಇಳಿಸಿದವು. ಇಂಗ್ಲೆಂಡಿನಲ್ಲಿ ಹುಳುಕು ಹಲ್ಲು ಕೀಳಿಸಲು ಆಸ್ಪತ್ರೆ ಸೇರುವ ಮಕ್ಕಳ ಪ್ರಮಾಣ ಆಮೇಲೆ ನಿರೀಕ್ಷೆಗಿಂತ ಸುಮಾರು 12 ಶೇಕಡಾ ತಗ್ಗಿದ್ದನ್ನು ಕೇಂಬ್ರಿಡ್ಜ್ ಸಂಶೋಧಕರು 2023ರಲ್ಲಿ ತೋರಿಸಿದರು. ನಮ್ಮಲ್ಲಿ 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ಸೋಡಾ ಪಾನೀಯಗಳಿಗೆ 40 ಶೇಕಡಾ ಉಳಿಯಿತು. ಚಾಕ್ಲೇಟು, ಬಿಸ್ಕತ್ತು 18ರಿಂದ 5ಕ್ಕೆ ಇಳಿದವು. ಮಧ್ಯಮ ವರ್ಗದ ಮನೆಗೆ ಉಳಿತಾಯ ಎಂದು ಹೇಳಿದ ಈ ಇಳಿಕೆಯನ್ನು ಹಲ್ಲಿನ ಕಡೆಯಿಂದ ಯಾರಾದರೂ ನೋಡಿದ್ದರೇ ಎಂಬುದು ಅನುಮಾನ.

ಶಾಲೆಯೊಳಗಿನ ಊಟದ ಬಗ್ಗೆ ಮಾತ್ರ ಅನಗತ್ಯ ಗಾಬರಿ ಬೇಡ. ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲಿಗೆ ಸಕ್ಕರೆ ಬೆರೆಸುತ್ತಾರೆ ನಿಜ, ಆದರೆ ಲೋಟ ಎತ್ತಿ ಗಟಗಟ ಕುಡಿದು ಮುಗಿಸುವ ಹಾಲು ಬಾಯಲ್ಲಿ ನಿಲ್ಲುವುದಿಲ್ಲ, ಹಾಲಿನ ಕ್ಯಾಲ್ಸಿಯಂ ಹಲ್ಲಿಗೆ ಬೇಕಾದದ್ದೇ. ಮೊಟ್ಟೆಯ ಬದಲಿಗೆ ಕೊಡುತ್ತಿದ್ದ ಚಿಕ್ಕಿ ಬೇರೆ ಜಾತಿಯದು. ಬೆಲ್ಲದ ಪಾಕ ದವಡೆಯ ಸೀಳುಗಳಲ್ಲಿ ಹೊಕ್ಕು ಅರ್ಧ ಗಂಟೆ ಕೂರುತ್ತದೆ. 2025ರಲ್ಲಿ ಶಿಕ್ಷಣ ಇಲಾಖೆ ಕೊಬ್ಬು, ಸಕ್ಕರೆಯ ಕಾರಣ ಕೊಟ್ಟು ಅದನ್ನು ಕೈಬಿಟ್ಟಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಉಳಿಯಿತು. ಹಲ್ಲಿನ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನ.

ನೀರು: ಪಾವಗಡದ ಸಲಹೆ ಮಂಗಳೂರಿಗಲ್ಲ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗದ ಮೊಳಕಾಲ್ಮೂರು, ಗದಗದ ಮುಂಡರಗಿ, ಕೊಪ್ಪಳ, ರಾಯಚೂರು ಕಡೆ ಪರಿಸರ ಹಲ್ಲಿನ ಮೇಲೆ ಬರೆಯುವ ರೀತಿಯೇ ಬೇರೆ. ಗ್ರಾನೈಟ್, ನೈಸ್ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೆರೆ ಬಿಟ್ಟು ಕೊಳವೆಬಾವಿ ಹಿಡಿದು, ಅದನ್ನೂ ಆಳ ಆಳಕ್ಕೆ ಕೊರೆದಂತೆ ಆ ನೀರೇ ಲೋಟಕ್ಕೆ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರಿಲ್ಲದಿದ್ದರೆ 1.5 ಕೊನೆಯ ಮಿತಿ.

ಇಲ್ಲಿ ಗೊಂದಲ ಸಾಮಾನ್ಯ. ಫ್ಲೋರೈಡ್ ಮಿತಿಮೀರಿ ಹಲ್ಲಿಗೆ ಬರುವ ತೊಂದರೆಯೇ ಫ್ಲೋರೋಸಿಸ್. ಫ್ಲೋರೋಸಿಸ್‌ನ ಕಂದು ಪಟ್ಟೆ ಹುಳುಕಲ್ಲ, ಕೊಳೆಯೂ ಅಲ್ಲ. ಎನಾಮಲ್ ರೂಪುಗೊಳ್ಳುವಾಗಲೇ ಆದ ಗಾಯ ಅದು. ಬಾಯಿಯ ಮುಂಭಾಗದ ಶಾಶ್ವತ ಹಲ್ಲುಗಳ ಎನಾಮಲ್ ವಸಡಿನೊಳಗೆ ತಯಾರಾಗುವುದು ಮಗುವಿಗೆ ಎರಡು ವರ್ಷದ ಆಸುಪಾಸಿನಲ್ಲಿ. ಅವು ಹೊರಗೆ ಕಾಣುವುದು ಏಳೆಂಟಕ್ಕೆ. ಅಂಗನವಾಡಿಗೂ ಹೋಗದ ವಯಸ್ಸಿನಲ್ಲಿ ಕುಡಿದ ನೀರು ಮೂರನೇ ತರಗತಿಯಲ್ಲಿ ಬೆಳಕಿಗೆ ಬರುತ್ತದೆ. ಆಗ ‘ಹಲ್ಲುಜ್ಜಲ್ವೇನೋ’ ಎಂದು ಗದರಿಸಿಕೊಂಡ ಮಗು ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತದೆ. ಪಟ್ಟೆ ಹೋಗುವುದಿಲ್ಲ, ಇರುವ ಎನಾಮಲ್ ಸವೆಯುತ್ತದೆ. ನೋಡಿ ತಿಳಿಯುವ ಬಗೆ ಹೀಗೆ: ಫ್ಲೋರೋಸಿಸ್ ಎಡ ಬಲ ಎರಡೂ ಬದಿಯ ಹಲ್ಲುಗಳಲ್ಲಿ ಜೋಡಿಯಾಗಿ, ಅಡ್ಡ ಗೆರೆಗಳಾಗಿ ಇಲ್ಲವೇ ಸುಣ್ಣದ ಬಿಳುಪಿನ ಮಚ್ಚೆಗಳಾಗಿ ಇರುತ್ತದೆ. ಹುಳುಕು ವಸಡಿನ ಅಂಚಿನಲ್ಲಿ, ಎರಡು ಹಲ್ಲಿನ ಸಂದಿನಲ್ಲಿ, ದವಡೆಯ ಸೀಳಿನಲ್ಲಿ ಎಲ್ಲೋ ಒಂದು ಕಡೆ ಶುರುವಾಗಿ ಗುಳಿಯಾಗುತ್ತದೆ.

ಶುದ್ಧ ನೀರಿನ ಘಟಕ ಬಂದ ಮೇಲೂ ತಪ್ಪುಗಳು ಉಳಿದಿವೆ. ಮಕ್ಕಳು ಕುಡಿಯುವುದು ಘಟಕದ ನೀರು, ಬಿಸಿಯೂಟ ಬೇಯುವುದು ಬೋರಿನ ನೀರಿನಲ್ಲಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. ಅದು ಅನ್ನವಾಗುವಾಗ ಕಡಿಮೆಯೆಂದರೂ 200 ಮಿಲಿಲೀಟರ್ ನೀರು ಹೀರುತ್ತದೆ. ಬೋರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದ್ದರೆ ಅನ್ನದಲ್ಲೇ 0.6 ಮಿಲಿಗ್ರಾಂ ಹೊಟ್ಟೆ ಸೇರಿತು, ಸಾಂಬಾರಿನ ನೀರು ಬೇರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಘಟಕದವರು ಟಿಡಿಎಸ್ ಮೀಟರ್ ಅದ್ದಿ ತೋರಿಸುವ ಅಂಕಿಗೂ ಫ್ಲೋರೈಡಿಗೂ ನೇರ ಸಂಬಂಧವಿಲ್ಲ. ಅದು ಕರಗಿದ ಒಟ್ಟು ಲವಣದ ಅಂದಾಜು ಮಾತ್ರ. ಜಲಜೀವನ್ ಮಿಷನ್‌ನಡಿ ಪಂಚಾಯ್ತಿಗಳಿಗೆ ಬಂದಿರುವ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡಿಗೆ ಬೇರೆಯೇ ದ್ರಾವಣ, ಬಣ್ಣದ ಚಾರ್ಟು ಇದೆ; ಊರಿನ ಐವರು ಮಹಿಳೆಯರಿಗೆ ತರಬೇತಿಯೂ ಆಗಿರಬೇಕು. ಅವರನ್ನು ಶಾಲೆಯ ಅಡುಗೆಮನೆಯ ನಲ್ಲಿಗೆ ಕರೆದರಾಯಿತು.

ಇತ್ತ ಕಾವೇರಿ ನೀರು ಕುಡಿಯುವ ನಗರದಲ್ಲಿ, ಕರಾವಳಿ ಮಲೆನಾಡಿನಲ್ಲಿ ನೀರಿನ ಫ್ಲೋರೈಡ್ ಕಡಿಮೆ. ಅಲ್ಲಿ ಪೇಸ್ಟಿನ ಫ್ಲೋರೈಡೇ ಮಗುವಿನ ಮುಖ್ಯ ಕವಚ. ಇಡೀ ರಾಜ್ಯಕ್ಕೆ ಒಂದೇ ಪೋಸ್ಟರ್ ಮುದ್ರಿಸಿದರೆ ಪಾವಗಡದಲ್ಲಿ ಒಂದು ತಪ್ಪು, ಮಂಗಳೂರಿನಲ್ಲಿ ಇನ್ನೊಂದು ತಪ್ಪು. ಫ್ಲೋರೈಡ್ ಹೆಚ್ಚಿರುವ ಊರಲ್ಲೂ ದೊಡ್ಡ ಮಕ್ಕಳು ಪೇಸ್ಟು ಬಿಡಬೇಕಿಲ್ಲ, ಏಕೆಂದರೆ ಪಟ್ಟೆ ಬಿದ್ದ ಒರಟು ಎನಾಮಲ್‌ಗೂ ಹುಳುಕು ಹಿಡಿಯುತ್ತದೆ. ಉಗಿಯಲು ಬಾರದ ಪುಟ್ಟ ಮಕ್ಕಳಿಗೆ ಮಾತ್ರ ದಂತವೈದ್ಯರನ್ನು ಕೇಳಿ ಪ್ರಮಾಣ ನಿಗದಿ ಮಾಡಿಕೊಳ್ಳಬೇಕು.

ಶಿಬಿರ ಬಂದು ಹೋದ ಮೇಲೆ

2002–03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ 51.9 ಶೇಕಡಾ, ಹನ್ನೆರಡರವರಲ್ಲಿ 53.8, ಹದಿನೈದರವರಲ್ಲಿ 63.1 ಶೇಕಡಾ ಹುಳುಕು ಕಂಡಿತ್ತು. ಅಂಕಿ ಹಳೆಯದು, ಆದರೂ ಅರ್ಧಕ್ಕರ್ಧ ಮಕ್ಕಳ ಕಾಯಿಲೆಯನ್ನು ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ ವಾಸಿಮಾಡಲಾಗದು ಎನ್ನುವುದಕ್ಕೆ ಸಾಕು.

ದಂತ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕ ಒಂದು. ಆದರೆ ಶಾಲಾ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಫಾರ್ಮಸಿಸ್ಟ್ ಇರುತ್ತಾರೆ, ದಂತವೈದ್ಯರಿಲ್ಲ. ಅವರು ಹುಳುಕು ಕಂಡರೆ ಚೀಟಿ ಬರೆಯುತ್ತಾರೆ. ಚೀಟಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೊರರೋಗಿ ವಿಭಾಗದ ಸಮಯವೂ ಶಾಲೆಯ ಸಮಯವೂ ಒಂದೇ. ಅಪ್ಪನದೋ ಅಮ್ಮನದೋ ಒಂದು ದಿನದ ಕೂಲಿ ಹೋಗುತ್ತದೆ. ನೋವಿಲ್ಲದ ಹಲ್ಲಿಗೆ ಯಾರೂ ಕೂಲಿ ಬಿಡುವುದಿಲ್ಲ. ನೋವು ಬಂದಾಗ ಹೋದರೆ ಉಳಿದಿರುವ ದಾರಿ ಎರಡು: ದುಬಾರಿ ರೂಟ್ ಕೆನಾಲ್, ಇಲ್ಲವೇ ಕೀಳುವುದು. ಆರನೆಯ ಹಲ್ಲನ್ನು ಕಿತ್ತ ಜಾಗಕ್ಕೆ ಮುಂದೆ ಬರುವ ಏಳನೆಯದು ವಾಲುತ್ತದೆ, ಎದುರಿನದು ಇಳಿದುಬರುತ್ತದೆ, ಕಚ್ಚುವಿಕೆಯೇ ಕೆಡುತ್ತದೆ.

ಈ ಚೀಟಿಯ ಕೊಂಡಿ ತುಂಡಾಗುವುದರಿಂದಲೇ ಚಿಕಿತ್ಸೆಯ ಒಂದು ಪಾಲು ಶಾಲೆಯ ಜಗುಲಿಗೆ ಬರಬೇಕು. ಡ್ರಿಲ್ಲು, ಕುರ್ಚಿ, ಕರೆಂಟು ಬೇಡದ ಎರಡು ವಸ್ತುಗಳಿವೆ: 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ಮತ್ತು ಗ್ಲಾಸ್ ಅಯೊನೊಮರ್ ಸಿಮೆಂಟು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವೆರಡನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮೊದಲನೆಯದನ್ನು ಹತ್ತಿಯಿಂದ ಒಣಗಿಸಿದ ಗುಳಿಗೆ ಪುಟ್ಟ ಕುಂಚದಲ್ಲಿ ಒಂದು ಹನಿ ಸವರಿ ಒಂದು ನಿಮಿಷ ಬಿಟ್ಟರೆ ಹುಳುಕು ಮುಂದೆ ಹಬ್ಬುವುದು ಬಹುತೇಕ ನಿಲ್ಲುತ್ತದೆ. ಆರು ತಿಂಗಳಿಗೆ ಮತ್ತೊಮ್ಮೆ. ಎಡವುವುದು ಇಲ್ಲಿ: ಸವರಿದ ಗುಳಿ ಕಪ್ಪಾಗುತ್ತದೆ, ಶಾಶ್ವತವಾಗಿ. ಮುಂಚೆಯೇ ಫೋಟೊ ತೋರಿಸಿ ತಂದೆತಾಯಿಯ ಒಪ್ಪಿಗೆ ಪಡೆಯದಿದ್ದರೆ ಮಾರನೆಯ ದಿನ ಶಾಲೆಯಲ್ಲಿ ಜಗಳ. ಬಾವು ಬಂದ, ರಾತ್ರಿಯೆಲ್ಲ ನೋಯುವ ಹಲ್ಲಿಗೆ ಇದು ಔಷಧವಲ್ಲ. ಹೊಸ ಆರನೆಯ ಹಲ್ಲಿನ ಆಳದ ಸೀಳುಗಳನ್ನು ಎರಡನೆಯ ವಸ್ತುವಿನಿಂದ ಬೆರಳಲ್ಲೇ ಒತ್ತಿ ಮುಚ್ಚಬಹುದು. ಕೂಡಲೇ ವ್ಯಾಸಲೀನ್ ಸವರಿ, ಒಂದು ಗಂಟೆ ಅಗಿಯಬಾರದು ಎಂದು ಹೇಳಬೇಕು. ಬಿಸಿಯೂಟದ ಗಂಟೆಗೆ ಹತ್ತು ನಿಮಿಷ ಮೊದಲು ಮಾಡಿ ಹಾಳುಮಾಡಿಕೊಳ್ಳುವುದು ಶಿಬಿರಗಳ ಮಾಮೂಲಿ ತಪ್ಪು.

ಶಾಲೆಯಲ್ಲೇ ದಿನಕ್ಕೊಮ್ಮೆ ಉಜ್ಜಿಸುವ ಕ್ರಮ ಸ್ಕಾಟ್ಲೆಂಡಿನ ನರ್ಸರಿಗಳಲ್ಲೂ ಫಿಲಿಪ್ಪೀನ್ಸಿನ ಸರ್ಕಾರಿ ಶಾಲೆಗಳಲ್ಲೂ ವರ್ಷಗಳಿಂದ ನಡೆದಿದೆ. ಫಿಲಿಪ್ಪೀನ್ಸಿನದು ನಮಗೆ ಹತ್ತಿರ: ಉದ್ದದ ಪೈಪಿಗೆ ಸಾಲಾಗಿ ತೂತು ಕೊರೆದು, ಇಡೀ ತರಗತಿ ಒಟ್ಟಿಗೆ ನಿಂತು ಕೈತೊಳೆದು ಹಲ್ಲುಜ್ಜುತ್ತದೆ. ನಮ್ಮಲ್ಲಿ ಊಟದ ತಟ್ಟೆ ತೊಳೆಯುವ ಜಾಗವೇ ಇದಕ್ಕೆ ಸಾಕು. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ; 200 ಶಾಲಾ ದಿನಕ್ಕೆ ಮಗುವಿಗೆ 50 ಗ್ರಾಂ, ನಲವತ್ತು ಮಕ್ಕಳಿಗೆ ವರ್ಷಕ್ಕೆ 2 ಕೆಜಿ. ಮೂರು ತಿಂಗಳಿಗೊಂದರಂತೆ ಬ್ರಷ್ಷು. ಕೆಡುವುದು ಪೇಸ್ಟಿನಲ್ಲಲ್ಲ, ಬ್ರಷ್ಷು ಇಡುವುದರಲ್ಲಿ. ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿ ಮುಚ್ಚಿದರೆ ಒಂದರ ಎಳೆ ಇನ್ನೊಂದಕ್ಕೆ ತಾಗಿ ಬೂಷ್ಟು ಹಿಡಿಯುತ್ತದೆ. ಹಲಗೆಗೆ ಎರಡು ಇಂಚಿಗೊಂದು ತೂತು ಕೊರೆದು, ಹೆಸರು ಬರೆದು, ಗಾಳಿಯಾಡುವಂತೆ ನೇತುಹಾಕಬೇಕು, ಮೇಲೆ ಸೊಳ್ಳೆಪರದೆಯ ಬಟ್ಟೆ. ಇನ್ನೊಂದು ಕೆಡುಕು ದಾನದ ಪೇಸ್ಟು. ಮೊದಲ ಪೆಟ್ಟಿಗೆ ಫೋಟೊ ಸಮೇತ ಬರುತ್ತದೆ, ದಸರಾ ರಜೆಯ ಹೊತ್ತಿಗೆ ಮುಗಿಯುತ್ತದೆ, ಅಲ್ಲಿಗೆ ಕಾರ್ಯಕ್ರಮವೂ ಮುಗಿಯುತ್ತದೆ. ಹಣ ಶಾಲಾ ಅನುದಾನದಲ್ಲೋ ಪಂಚಾಯ್ತಿಯ ಕ್ರಿಯಾಯೋಜನೆಯಲ್ಲೋ ಒಂದು ಸಾಲಾಗಿ ಇದ್ದರೆ ಮಾತ್ರ ಇದು ಎರಡನೇ ವರ್ಷ ನೋಡುತ್ತದೆ.

ಇದೇ ಅಂಗಳದ ಇನ್ನೊಂದು ವಿಷಯ, ಹುಳುಕಿನದ್ದಲ್ಲ. ಕಾಂಕ್ರೀಟು ಅಂಗಳದಲ್ಲಿ ಬಿದ್ದು, ನಲ್ಲಿ ಕಟ್ಟೆಗೆ ಬಡಿದು, ಎಂಟು ಒಂಬತ್ತು ವರ್ಷದವರ ಹೊಸ ಮುಂಬಲ್ಲು ಬುಡ ಸಮೇತ ಉದುರುವುದುಂಟು. ಬೇರನ್ನು ಮುಟ್ಟದೆ ಬಿಳಿ ಭಾಗ ಹಿಡಿದೆತ್ತಿ, ಮಣ್ಣಾಗಿದ್ದರೆ ಕೆಲವೇ ಕ್ಷಣ ತಣ್ಣೀರಲ್ಲಿ ಅದ್ದಿ, ಉಜ್ಜದೆ, ಅದೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸಬೇಕು. ಆಗದಿದ್ದರೆ ಸಕ್ಕರೆ ಹಾಕದ ತಣ್ಣನೆ ಹಾಲಿನಲ್ಲಿ ಮುಳುಗಿಸಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ. ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರೆ ಬೇರಿನ ಜೀವಕೋಶ ಒಣಗಿ ಸಾಯುತ್ತವೆ. ಬಿದ್ದದ್ದು ಹಾಲು ಹಲ್ಲಾದರೆ ಮರಳಿ ಕೂರಿಸಬಾರದು. ಒಳಗಿರುವ ಹೊಸ ಹಲ್ಲಿಗೆ ಪೆಟ್ಟು. ಈ ನಾಲ್ಕು ಸಾಲು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿರಬೇಕು.

ಇಷ್ಟೆಲ್ಲ ಮಾಡಿದ ಶಾಲೆಗೆ ಫಲ ಸಿಕ್ಕಿತೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಪ್ರತಿ ಜೂನ್‌ನಲ್ಲಿ ಮೂರನೇ ತರಗತಿಯ ಮಕ್ಕಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಟಾರ್ಚು ಹಿಡಿದು, ಮಗುವಿಗೆ ನಾಲ್ಕರಂತೆ ಆರನೆಯ ಹಲ್ಲುಗಳನ್ನು ಎಣಿಸುವುದು. ಮೂವತ್ತು ಮಕ್ಕಳಿದ್ದರೆ ನೂರಾ ಇಪ್ಪತ್ತು ಹಲ್ಲು. ಎಷ್ಟರಲ್ಲಿ ಗುಳಿ ಇದೆ ಎಂಬ ಒಂದೇ ಸಂಖ್ಯೆ ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ, ಕಳೆದ ವರ್ಷದ ಸಂಖ್ಯೆಯ ಪಕ್ಕದಲ್ಲಿ.